ಪ್ರತಿಲಿಪಿಯಲ್ಲಿ ಏಳು ವರ್ಷ: ಹಿಂಬಾಲಕರೆಷ್ಟು, ಓದುಗರೆಷ್ಟು

ಪ್ರತಿಲಿಪಿ ಎಂಬ ಆನ್‌ಲೈನ್ ಬರಹ ತಾಣದಲ್ಲಿ ನಾನು ಮೊದಲ ಕಥೆಯನ್ನು ಪ್ರಕಟಿಸಿದ್ದು 2018ರ ಶ್ರಾವಣ ಮಾಸದಲ್ಲಿ. ಈಗ ಅಲ್ಲಿ ನನ್ನ ಹೆಸರಿನಲ್ಲಿ ನಾಲ್ಕು ಧಾರಾವಾಹಿಗಳು, ಮೂವತ್ತರಷ್ಟು ಬಿಡಿ ಕಥೆಗಳು ಮತ್ತು ಯಾರೂ ಓದದ ಒಂದಿಷ್ಟು ಕವಿತೆಗಳಿವೆ. ಹಿಂಬಾಲಕರ ಸಂಖ್ಯೆ ಮೂರು ಸಾವಿರವನ್ನು ತುಸು ದಾಟಿದೆ. ಹೊಸದಾಗಿ ಬರೆಯತೊಡಗಿದವರು ಈ ಸಂಖ್ಯೆಯನ್ನು ಕಂಡು, ಇಷ್ಟು ಜನರನ್ನು ಹೇಗೆ ಗಳಿಸಿದಿರಿ ಎಂದು ಆಗಾಗ ಕೇಳುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಏಳು ವರ್ಷಗಳ ಅನುಭವವನ್ನು ಒಂದೆಡೆ ಬರೆದಿಡುವುದು ಒಳಿತೆನಿಸಿತು. ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ: ಆ ಮೂರು ಸಾವಿರ ಮಂದಿಯಲ್ಲಿ ಹೊಸ ಕಂತು ಬಂದ ದಿನವೇ ತೆರೆದು ಓದುವವರು ಇನ್ನೂರರ ಆಸುಪಾಸಿನಲ್ಲಿದ್ದಾರೆ. ನನ್ನ ಓದುಗ ಬಳಗವೆಂದು ನಾನು ಎಣಿಸುವುದು ಅವರನ್ನು ಮಾತ್ರ, ಮತ್ತು ಈ ವಿಮರ್ಶೆಯೂ ಅವರು ಹೇಗೆ ದೊರೆತರು ಎಂಬುದರ ಕುರಿತೇ ಇದೆ.

ಪರಿಚಯವಿಲ್ಲದವರಿಗಾಗಿ ಎರಡು ಮಾತು. ಪ್ರತಿಲಿಪಿ 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆ. ಕನ್ನಡವೂ ಸೇರಿದಂತೆ ಹನ್ನೆರಡು ಭಾಷೆಗಳಲ್ಲಿ ಯಾರು ಬೇಕಾದರೂ ಖಾತೆ ತೆರೆದು ಬರೆಯಬಹುದು, ಓದಬಹುದು. ಪ್ರಕಟಣೆಗೆ ಸಂಪಾದಕರ ಒಪ್ಪಿಗೆ ಬೇಕಿಲ್ಲ. ಪ್ರತಿ ಬರಹದ ಕೆಳಗೂ ಓದಿದವರ ಸಂಖ್ಯೆ, ಐದು ನಕ್ಷತ್ರಗಳ ರೇಟಿಂಗ್ ಮತ್ತು ಓದುಗರ ವಿಮರ್ಶೆಗಳು ಕಾಣಿಸುತ್ತವೆ. ವಾರಪತ್ರಿಕೆಗೆ ಕಥೆ ಕಳಿಸಿ, ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಜೊತೆಗಿಟ್ಟು, ತಿಂಗಳುಗಟ್ಟಲೆ ಕಾದು, ಕೊನೆಗೆ ಆ ಲಕೋಟೆಯಲ್ಲೇ ಕಥೆ ಮರಳಿ ಬರುವುದನ್ನು ಕಂಡಿದ್ದ ನನ್ನಂಥವಳಿಗೆ, ಒಂದು ಗುಂಡಿ ಒತ್ತಿದ ಕೂಡಲೇ ಬರಹ ಪ್ರಕಟವಾಗುವುದು ಮೊದಲಿಗೆ ನಂಬಲಾಗದ ಸಂಗತಿಯಾಗಿತ್ತು. ಆದರೆ ಸಂಪಾದಕರಿಲ್ಲದ ಕಡೆ ತಪ್ಪು ತಿದ್ದುವವರೂ ಇರುವುದಿಲ್ಲವೆಂಬುದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ.

ಮೊದಲ ವರ್ಷವನ್ನು ಬಹುಪಾಲು ವ್ಯರ್ಥ ಮಾಡಿದೆನೆಂದೇ ಹೇಳಬೇಕು. ಕಂಪ್ಯೂಟರಿನಲ್ಲಿದ್ದ ನನ್ನ ಹಳೆಯ ಕಥೆಗಳೆಲ್ಲ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿದ್ದವು. ಅವನ್ನು ನೇರವಾಗಿ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತಿದ್ದವು. ಯೂನಿಕೋಡಿಗೆ ಪರಿವರ್ತಿಸಿದ ಮೇಲೂ ಅರ್ಕಾವತ್ತುಗಳು ಅಲ್ಲಲ್ಲಿ ಸ್ಥಾನಪಲ್ಲಟವಾಗಿರುತ್ತಿದ್ದುದರಿಂದ ಒಂದೊಂದು ಕಥೆಯನ್ನೂ ಸಾಲುಸಾಲಾಗಿ ತಿದ್ದಬೇಕಾಯಿತು. ಇಷ್ಟು ಶ್ರಮಪಟ್ಟ ಮೊದಲ ಕಥೆಯನ್ನು ಒಂದು ವಾರದಲ್ಲಿ ಓದಿದವರು ಮೂವತ್ತೇಳು ಜನ. ಅವರಲ್ಲಿ ನನ್ನ ಯಜಮಾನರು, ಇಬ್ಬರು ನಾದಿನಿಯರು ಮತ್ತು ಸಹಕಾರಿ ಸಂಘದ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವರು ಸೇರಿದ್ದರು.

ಆ ಸಂಖ್ಯೆಯನ್ನು ಹಿಗ್ಗಿಸುವ ಆತುರದಲ್ಲಿ ನಾನು ಮಾಡಿದ ತಪ್ಪು ಇಂದಿಗೂ ಅನೇಕರು ಮಾಡುತ್ತಿರುವಂಥದ್ದೇ. ಹೊಸ ಲೇಖಕರ ಒಂದು ವಾಟ್ಸ್ಯಾಪ್ ಗುಂಪಿಗೆ ಸೇರಿಕೊಂಡೆ. ಅಲ್ಲಿನ ಅಲಿಖಿತ ಒಪ್ಪಂದದಂತೆ, ನಾನು ನಿಮ್ಮ ಕಥೆಗೆ ಐದು ನಕ್ಷತ್ರ ಕೊಟ್ಟರೆ ನೀವು ನನ್ನದಕ್ಕೆ ಐದು ಕೊಡಬೇಕು. ನಾನು ನಿಮ್ಮನ್ನು ಹಿಂಬಾಲಿಸಿದರೆ ನೀವೂ ಹಿಂಬಾಲಿಸಬೇಕು. ಮದುವೆಮನೆಯ ಮುಯ್ಯಿಯಂತೆಯೇ ಇದು. ನಾಲ್ಕು ತಿಂಗಳಲ್ಲಿ ಆರುನೂರು ಹಿಂಬಾಲಕರು ಬಂದರು, ಬರಹದ ಕೆಳಗೆ ‘ಸೂಪರ್’, ‘ತುಂಬಾ ಚೆನ್ನಾಗಿದೆ’ ಎಂಬ ಸಾಲುಗಳು ಜಮಾಯಿಸಿದವು. ಆದರೆ ಕಥೆಯ ಅಂತ್ಯದ ಬಗ್ಗೆ ಅವರಲ್ಲಿ ಒಬ್ಬರೂ ಒಂದು ಪ್ರಶ್ನೆಯನ್ನಾದರೂ ಕೇಳಲಿಲ್ಲ. ಅನುಮಾನ ಬಂದು, ಒಂದು ಕಥೆಯ ಕೊನೆಯ ಎರಡು ಪ್ಯಾರಾಗಳನ್ನು ಬೇಕೆಂದೇ ಬಿಟ್ಟು ಪ್ರಕಟಿಸಿದೆ. ಹದಿನೆಂಟು ಮಂದಿ ಐದು ನಕ್ಷತ್ರ ಕೊಟ್ಟರು. ಅಂದೇ ಆ ಗುಂಪಿನಿಂದ ಹೊರಬಂದೆ.

ಬಳಗ ಕಟ್ಟಿಕೊಂಡಿದ್ದು ಧಾರಾವಾಹಿಯಿಂದ. ಕನ್ನಡಿಗರಿಗೆ ಕಂತಿನ ಓದು ಹೊಸದೇನೂ ಅಲ್ಲ. 1965ರಲ್ಲಿ ಆರಂಭವಾದ ‘ಸುಧಾ’ದಿಂದ ನಮ್ಮ ಅವ್ವ ಧಾರಾವಾಹಿಯ ಹಾಳೆಗಳನ್ನಷ್ಟೇ ಬಿಡಿಸಿ, ದಬ್ಬಣದಿಂದ ತೂತು ಮಾಡಿ, ಗೋಣಿದಾರದಲ್ಲಿ ಹೊಲಿದು ಇಡುತ್ತಿದ್ದಳು, ಆ ಕಟ್ಟುಗಳು ಓಣಿಯ ಹತ್ತು ಮನೆಗಳನ್ನು ಸುತ್ತಿ, ಎಣ್ಣೆಯ ಕಲೆಗಳೊಂದಿಗೆ ಮರಳಿ ಬರುತ್ತಿದ್ದವು. ಮುಂದಿನ ವಾರದವರೆಗೆ ಕಾಯುವ ಆ ಅಭ್ಯಾಸವೇ ಪ್ರತಿಲಿಪಿಯಲ್ಲಿಯೂ ಕೆಲಸ ಮಾಡುತ್ತದೆ. ಒಮ್ಮೆಲೇ ಹಾಕಿದ ದೀರ್ಘ ಕಥೆಯನ್ನು ಓದುಗರು ಮುಂದೆ ಎಂದಾದರೂ ಓದೋಣವೆಂದು ಲೈಬ್ರರಿಗೆ ಸೇರಿಸಿ ಮರೆಯುತ್ತಾರೆ. ಅದನ್ನೇ ಹದಿನೈದು ಕಂತುಗಳಾಗಿ ಕೊಟ್ಟರೆ ಹದಿನೈದು ಬಾರಿ ಬರುತ್ತಾರೆ. ನಾನು ಮಂಗಳವಾರ ಮತ್ತು ಶುಕ್ರವಾರವನ್ನು ನಿಗದಿ ಮಾಡಿಕೊಂಡೆ. ಆರಂಭದಲ್ಲಿ ಬೆಳಿಗ್ಗೆ ಏಳಕ್ಕೆ ಪ್ರಕಟಿಸುತ್ತಿದ್ದೆ, ಓದು ಸಂಜೆಯ ತನಕ ಕುಂಟುತ್ತಿತ್ತು. ನನ್ನ ಓದುಗರಲ್ಲಿ ಹೆಚ್ಚಿನವರು ಮನೆವಾರ್ತೆ ನಡೆಸುವ ಹೆಂಗಸರು. ಊಟ ಮುಗಿದು, ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿದ ಮೇಲಷ್ಟೇ ಫೋನು ಅವರ ಕೈಗೆ ಬರುತ್ತದೆ. ಸಮಯವನ್ನು ರಾತ್ರಿ ಒಂಬತ್ತೂವರೆಗೆ ಬದಲಿಸಿದ ಮೇಲೆ, ಹತ್ತೂವರೆಯ ಹೊತ್ತಿಗೆ ಮೊದಲ ವಿಮರ್ಶೆಗಳು ಬರತೊಡಗಿದವು. ಮಸ್ಕತ್‌ನಲ್ಲಿ ನರ್ಸ್ ಆಗಿರುವ ಓದುಗಿಯೊಬ್ಬರು ರಾತ್ರಿ ಪಾಳಿಗೆ ಮೊದಲು ಓದುತ್ತಾರೆ. ಕಂತು ಹತ್ತು ನಿಮಿಷ ತಡವಾದರೂ ‘ಅಕ್ಕಾ, ಆರಾಮ ಇದ್ದೀರಲ್ಲ?’ ಎಂದು ಅವರ ಸಂದೇಶ ಬಂದಿರುತ್ತದೆ.

ಎರಡನೆಯ ಧಾರಾವಾಹಿಯ ಕಥೆ ಶಿರಸಿ ಸೀಮೆಯ ಅಡಿಕೆ ತೋಟದ ಮನೆಯೊಂದರಲ್ಲಿ ನಡೆಯುತ್ತದೆ. ನಾನು ಹುಬ್ಬಳ್ಳಿಯವಳು; ಅಡಿಕೆಯ ಬಗ್ಗೆ ತಿಳಿದಿದ್ದು ತಾಂಬೂಲದ ತಟ್ಟೆಯಲ್ಲಿ ಕಂಡಷ್ಟು ಮಾತ್ರ. ಆರನೆಯ ಕಂತಿನಲ್ಲಿ ಮನೆಯ ಸೊಸೆ ಚಾಲಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸುತ್ತಿರುವಂತೆ ಬರೆದುಬಿಟ್ಟೆ. ಮರುದಿನ ಸಿದ್ದಾಪುರ ಕಡೆಯ ಹಿರಿಯರೊಬ್ಬರು ಮೂರು ನಕ್ಷತ್ರ ಕೊಟ್ಟು ಹೀಗೆ ಬರೆದಿದ್ದರು: ‘ತಂಗಿ, ಬೇಯಿಸುವುದು ಹಸಿ ಅಡಿಕೆಯನ್ನು ಸುಲಿದು ಕೆಂಪಡಿಕೆ ಮಾಡುವಾಗ. ಚಾಲಿಗೆ ಹಣ್ಣಡಿಕೆಯನ್ನು ಸಿಪ್ಪೆಸಮೇತ ಅಂಗಳದಲ್ಲಿ ಒಂದೂವರೆ ತಿಂಗಳು ಒಣಗಿಸಿ, ಆಮೇಲೆ ಸುಲಿಯುತ್ತಾರೆ. ನಿನ್ನ ಸೊಸೆಗೆ ಅತ್ತೆ ಬೈಯದೆ ಬಿಟ್ಟದ್ದೇ ದೊಡ್ಡದು.’ ಐದು ನಕ್ಷತ್ರಗಳ ಸಾಲಿನಲ್ಲಿ ಆ ಮೂರು ನಕ್ಷತ್ರ ಕಂಡಾಗ ಮೊದಲು ಮುಖ ಬಿಸಿಯಾದದ್ದು ನಿಜ. ಆದರೆ ಅವರು ಆರೂ ಕಂತುಗಳನ್ನು ಓದಿದ್ದರು ಎಂಬುದು ಆ ಮಾತಿನಲ್ಲೇ ಇತ್ತು. ಆ ರಾತ್ರಿಯೇ ಕಂತನ್ನು ತಿದ್ದಿದೆ, ಮುಂದಿನ ಕಂತಿನ ಆರಂಭದಲ್ಲಿ ತಪ್ಪನ್ನು ಒಪ್ಪಿಕೊಂಡು ಅವರಿಗೆ ಕೃತಜ್ಞತೆ ಹೇಳಿದೆ, ಏಳನೆಯ ಕಂತಿನಲ್ಲಿ ಅತ್ತೆಯಿಂದ ಸೊಸೆಗೆ ಬೈಯಿಸಿಯೂ ಬಿಟ್ಟೆ. ಆಮೇಲೆ ಆ ಭಾಗದ ಓದುಗರು ಒಬ್ಬೊಬ್ಬರಾಗಿ ಮಾತಿಗಿಳಿದರು: ಮರವೇರಿ ಅಡಿಕೆ ಗೊನೆ ಇಳಿಸುವ ಕೊನೆಗೌಡರು ಮರದಿಂದ ಮರಕ್ಕೆ ಹೇಗೆ ದಾಟುತ್ತಾರೆ, ಮಳೆಗಾಲಕ್ಕೆ ಮುಂಚೆ ಗೊನೆಗಳಿಗೆ ಹೊದಿಕೆಯಾಗಿ ಕೊಟ್ಟೆ ಯಾಕೆ ಕಟ್ಟುತ್ತಾರೆ, ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಸುಣ್ಣ ಮತ್ತು ಮೈಲುತುತ್ತ ಹೇಗೆ ಬೆರೆಸುತ್ತಾರೆ ಎಂಬುದನ್ನೆಲ್ಲ ವಿಮರ್ಶೆಯ ಜಾಗದಲ್ಲಿ ಬರೆದರು. ಆ ಧಾರಾವಾಹಿಯ ಅರ್ಧ ತೋಟವನ್ನು ಅವರೇ ನೆಟ್ಟರೆಂದರೂ ತಪ್ಪಿಲ್ಲ. ಇಂದಿನ ಇನ್ನೂರು ಮಂದಿಯಲ್ಲಿ ಮೂರನೆಯ ಒಂದು ಪಾಲು ಆ ಐದು ತಿಂಗಳಲ್ಲಿ ಬಂದವರು.

ಆಗಿನಿಂದ ಪ್ರತಿ ವಿಮರ್ಶೆಗೂ ಉತ್ತರ ಬರೆಯುತ್ತೇನೆ. ‘ಚೆನ್ನಾಗಿದೆ’ ಎಂದಷ್ಟೇ ಇದ್ದರೆ ಒಂದು ಧನ್ಯವಾದ, ಪಾತ್ರದ ಬಗ್ಗೆ ಮಾತಿದ್ದರೆ ಪೂರ್ಣ ಉತ್ತರ. ಇದಕ್ಕೆ ಪ್ರತಿ ಕಂತಿಗೂ ಮುಕ್ಕಾಲು ಗಂಟೆ ಹಿಡಿಯುತ್ತದೆ, ಬರೆಯುವುದಕ್ಕೆ ಮೀಸಲಾದ ಸಮಯದಿಂದಲೇ ಅದನ್ನು ಕಳೆಯಬೇಕು.

ಕಟ್ಟಿದ್ದನ್ನು ಕೆಡಿಸಿಕೊಳ್ಳುವುದು ಎಷ್ಟು ಸುಲಭವೆಂಬುದೂ ತಿಳಿದಿದೆ. ಮೂರನೆಯ ಧಾರಾವಾಹಿಯ ನಡುವೆ ಅತ್ತೆಯವರು ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆ ಮತ್ತು ಮನೆಯ ನಡುವಿನ ಓಡಾಟದಲ್ಲಿ ಒಂಬತ್ತು ವಾರ ಒಂದು ಸಾಲನ್ನೂ ಬರೆಯಲಾಗಲಿಲ್ಲ. ಅದು ಯಾರ ತಪ್ಪೂ ಅಲ್ಲ; ಆದರೆ ‘ಮನೆಯಲ್ಲಿ ತೊಂದರೆಯಿದೆ, ಎರಡು ತಿಂಗಳು ಬಿಡುವು ಕೊಡಿ’ ಎಂಬ ಒಂದು ಟಿಪ್ಪಣಿಯನ್ನು ಹಾಕದೆ ಮೌನವಾಗಿದ್ದುದು ನನ್ನದೇ ತಪ್ಪು. ಮರಳಿ ಬಂದಾಗ ಕಂತಿನ ಓದು ಅರ್ಧಕ್ಕಿಳಿದಿತ್ತು, ಹಿಂಬಾಲಕರ ಸಂಖ್ಯೆ ಮಾತ್ರ ಒಂದಿಷ್ಟೂ ಕದಲಿರಲಿಲ್ಲ. ಅರ್ಧಕ್ಕೆ ನಿಂತ ಧಾರಾವಾಹಿಗಳಿಂದ ಬೇಸತ್ತ ಓದುಗರು ಈಗ ಕಥೆ ಮುಗಿದ ಮೇಲಷ್ಟೇ ಓದಲು ಆರಂಭಿಸುತ್ತಾರೆ, ಅವರನ್ನು ದೂರುವಂತಿಲ್ಲ. ನಾಲ್ಕನೆಯದನ್ನು ಇಪ್ಪತ್ತು ಕಂತು ಬರೆದಿಟ್ಟುಕೊಂಡೇ ಆರಂಭಿಸಿದೆ.

ಹಣದ ವಿಷಯವನ್ನು ಬೇಗ ಮುಗಿಸುತ್ತೇನೆ. ಓದುಗರು ಪ್ರತಿಲಿಪಿಯ ನಾಣ್ಯಗಳಾದ ಕಾಯಿನ್‌ಗಳಿಂದ ಲೇಖಕರಿಗೆ ಉಡುಗೊರೆಯಾಗಿ ಸ್ಟಿಕರ್ ಕೊಡಬಹುದು, ಮೆಚ್ಚಿದ ಲೇಖಕರಿಗೆ ತಿಂಗಳ ಚಂದಾ ಕಟ್ಟಿ ಸೂಪರ್‌ಫ್ಯಾನ್ ಆಗಬಹುದು. ನನಗೆ ಬರುವ ಮೊತ್ತ ತಿಂಗಳ ಇಂಟರ್ನೆಟ್ ಖರ್ಚು ಕಳೆದು ಒಂದೆರಡು ಪುಸ್ತಕ ಕೊಳ್ಳುವಷ್ಟಿದೆ. ದಿನಕ್ಕೊಂದು ಕಂತು ಬರೆಯಬಲ್ಲವರು ಇನ್ನೂ ಹೆಚ್ಚು ಗಳಿಸಿಯಾರು, ನಾನು ಬರೆಯಲಾರೆ.

ಬಳಗ ಎಂಬ ಮಾತಿಗೆ ಅರ್ಥವೇನೆಂದು ಕಂಡಿದ್ದು ಕಳ್ಳತನದ ಸಂದರ್ಭದಲ್ಲಿ. ಒಂದು ವಿಡಿಯೊ ವಾಹಿನಿಯವರು ನನ್ನ ಎರಡನೆಯ ಧಾರಾವಾಹಿಯನ್ನು ಪಾತ್ರಗಳ ಹೆಸರು ಬದಲಿಸಿ, ಹಿನ್ನೆಲೆ ಸಂಗೀತದೊಂದಿಗೆ ಓದಿ ಹಾಕಿದ್ದರು. ಅದು ನನ್ನ ಗಮನಕ್ಕೆ ಬಂದದ್ದು ಓದುಗಿಯೊಬ್ಬರಿಂದ. ಹೆಸರುಗಳು ಬದಲಾಗಿದ್ದರೂ ಅತ್ತೆಯ ಬೈಗುಳ ಕೇಳಿದೊಡನೆ ಗುರುತು ಹಿಡಿದೆ ಎಂದು ಅವರು ಬರೆದರು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಲೇಖಕರದಾಗಿರುತ್ತದೆ, ನೋಂದಣಿ ಕಡ್ಡಾಯವಲ್ಲ. ಪ್ರಕಟಣೆಯ ದಿನಾಂಕವಿರುವ ಪುಟಗಳ ಸ್ಕ್ರೀನ್‌ಶಾಟ್‌ಗಳನ್ನು ಲಗತ್ತಿಸಿ ದೂರು ಕೊಟ್ಟ ಮೇಲೆ ಆ ವಿಡಿಯೊಗಳನ್ನು ತೆಗೆದುಹಾಕಲಾಯಿತು. ಆದ್ದರಿಂದ ಬರಹದ ಮೂಲ ಪ್ರತಿಯನ್ನೂ ದಿನಾಂಕವನ್ನೂ ಕಾಪಾಡಿಟ್ಟುಕೊಳ್ಳಿ.

ಇಲ್ಲಿ ಬಲು ಬೇಗ ಓದುಗರನ್ನು ಪಡೆಯುವುದು ಪ್ರೇಮ, ಸಂಸಾರ, ಭೂತಪ್ರೇತದ ಕಥೆಗಳು. ಕವಿತೆ, ಪ್ರಬಂಧ, ವಿಜ್ಞಾನ ಬರಹಗಳಿಗೆ ಕಂತಿನ ಸೆಳೆತವಿಲ್ಲದ ಕಾರಣ ಅವು ಹಿಂದುಳಿಯುತ್ತವೆ. ಅಂಥದ್ದನ್ನೇ ಬರೆಯುವವರಿಗೆ ಅಪಾರ ತಾಳ್ಮೆ ಬೇಕು. ನನ್ನ ಐದು ನಕ್ಷತ್ರಗಳಲ್ಲಿ ಒಂದನ್ನು ನನ್ನ ಅನಾಥ ಕವಿತೆಗಳ ಪರವಾಗಿ ಹಿಡಿದಿಟ್ಟುಕೊಂಡು ಪ್ರತಿಲಿಪಿಗೆ ನಾಲ್ಕನ್ನು ಕೊಡುತ್ತಿದ್ದೇನೆ.

2023ರಲ್ಲಿ ಅಡಿಕೆ ತೋಟದ ಧಾರಾವಾಹಿಯನ್ನು ಸ್ವಂತ ಖರ್ಚಿನಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದೆ, ಮುನ್ನೂರು ಪ್ರತಿ. ಹಿಂಬಾಲಕರೆಲ್ಲರಿಗೂ ಪ್ರಕಟಣೆ ಹೋಗಿತ್ತು. ಕೊಂಡವರು ನೂರ ಹದಿನೆಂಟು ಜನ. ವಿಳಾಸ ಬರೆಯುವಾಗ ನೋಡಿದರೆ ಹೆಚ್ಚುಕಡಿಮೆ ಎಲ್ಲ ಹೆಸರುಗಳೂ ವಿಮರ್ಶೆಯ ಜಾಗದಲ್ಲಿ ಪರಿಚಿತವಾದವೇ. ಸಿದ್ದಾಪುರದ ಹಿರಿಯರು ಐದು ಪ್ರತಿ ತರಿಸಿಕೊಂಡು, ಮುಖಪುಟದ ಚಿತ್ರದಲ್ಲಿರುವುದು ತೆಂಗಿನ ಮರವೆಂದು ಪತ್ರ ಬರೆದರು. ಉಳಿದ ಪ್ರತಿಗಳು ಮಂಚದ ಕೆಳಗಿವೆ.