ಸರ್ವೈವರೋ, ಅಮೇಜಿಂಗ್ ರೇಸೋ: ಓಣಿ ಆಟಕ್ಕೆ ಯಾವುದು ಛಲೋ?

ಬೇಸಿಗೆ ರಜೆಗೆ ಕಲಬುರಗಿಯ ನಮ್ಮ ಓಣಿ ಮಕ್ಕಳಿಗೆ ತಂಡದ ಆಟ ಇಡೋಣಂತ ಮಾತು ನಡದದ. ಈ ಎರಡು ಅಮೆರಿಕದ ಟಿವಿ ಷೋಗಳಲ್ಲಿ ಯಾವುದರ ಮಾದರಿ ಹಿಡೀಬೇಕು?

ಸರ್ವೈವರ್ 2000ರಿಂದ ನಡದದ. ಇದರಾಗ ದೊಡ್ಡ ಗುಂಪು, ಅದನ್ನ ತಂಡಗಳಾಗಿ ಹಂಚ್ತಾರ. ಓಡಿ, ಮಣ್ಣಾಗ ತೆವಳಿ, ಭಾರ ಹೊತ್ತು ಬಂದಮ್ಯಾಲೆ ಬಹಳ ಸಲ ಕೊನೆಗೆ ತುಂಡು ಜೋಡಿಸೋ ಒಂದು ಒಗಟು ಇರ್ತದ. ಅಷ್ಟೊತ್ತಿನ ತನಕ ಮುಂದಿದ್ದ ತಂಡ ಕೆಲವು ಸಲ ಅಲ್ಲೇ ಎಡವ್ತದ. ಉಸಿರು ಏರಿರ್ತದ, ಬೆರಳು ನಡುಗ್ತಿರ್ತಾವ, ಹಲಗೆ ತುಂಡು ಕೈಯಾಗೇ ಉಳದಿರ್ತದ. ಬಲ ಇದ್ದವರಿಗೂ ಬುದ್ಧಿ ಓಡಿಸೋರಿಗೂ ಕೆಲಸ ಸಿಗ್ತದ, ಅದಕ್ಕೇ ನನಗ ಇದು ಭಾಳ ಇಷ್ಟ. ಆದರ ಸೋತ ತಂಡ ತನ್ನವರೊಳಗೇ ಒಬ್ಬರನ್ನ ವೋಟು ಹಾಕಿ ಹೊರಗ ಕಳಸ್ತದ. ಮಕ್ಕಳಿಗೆ ಆ ನೋವು ಬ್ಯಾಡವೇ ಬ್ಯಾಡ, ಆ ನಿಯಮ ತೆಗದುಬಿಡ್ರಿ.

2001ರಾಗ ಶುರುವಾದ ಅಮೇಜಿಂಗ್ ರೇಸ್‌ನಾಗ ಇಬ್ಬಿಬ್ಬರ ಜೋಡಿ, ಸುಳಿವು ಹಿಡಿದು ಊರೂರು ಓಟ. ವೋಟಿಲ್ಲ. ಕೋಟೆಯಿಂದ ಶರಣಬಸವೇಶ್ವರ ಗುಡಿ ತನಕ ಸುಳಿವು ಇಟ್ಟರ ಕಾಲೇಜು ಹುಡುಗರು ಖುಷಿಯಿಂದ ಆಡ್ತಾರ. ಸಣ್ಣವರನ್ನ ರಸ್ತೆ ಮ್ಯಾಲಿನ ಗಾಡಿಗಳ ನಡುವ ಬಿಡೋದಕ್ಕ ನನ್ನ ಮನಸ್ಸು ಒಪ್ಪಂಗಿಲ್ಲ.

ಹತ್ತು-ಹನ್ನೆರಡು ವರ್ಷದವರಿದ್ದರ ಒಂದೇ ಮೈದಾನ, ಸರ್ವೈವರ್ ಮಾದರಿ. ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟ್ತದ, ಮುಂಜಾನೆ 9ರೊಳಗ ಮುಗಸ್ರಿ.