ಲಾ ಪೋಸಾ: ಆರ್‌ವಿಯಲ್ಲಿದ್ದು ಆನ್‌ಲೈನ್ ಕೆಲಸ ಮಾಡುವವರಿಗೆ ಏಳು ತಿಂಗಳ ಜಾಗ

ಏಳು ತಿಂಗಳಿಗೆ 180 ಡಾಲರ್. ದಿನಕ್ಕೆ 1 ಡಾಲರೂ ಬೀಳುವುದಿಲ್ಲ. ಆರ್‌ವಿ ಅಂದರೆ ಒಳಗೇ ವಾಸ ಮಾಡುವ ಗಾಡಿ. ನೀರು, ಕರೆಂಟ್ ಸಂಪರ್ಕ (ಹುಕಪ್) ಇರುವ ಖಾಸಗಿ ಆರ್‌ವಿ ಪಾರ್ಕುಗಳಲ್ಲಿ ಚಳಿಗಾಲದ ಒಂದೇ ತಿಂಗಳಿಗೆ ಇದರ ಎಷ್ಟೋ ಪಟ್ಟು ಕೊಡಬೇಕು. ಅರಿಝೋನಾದ ಕ್ವಾರ್ಟ್ಸ್‌ಸೈಟ್ ಊರಿನ ದಕ್ಷಿಣಕ್ಕೆ, 95ನೇ ಹೆದ್ದಾರಿಯ ಎರಡೂ ಕಡೆ ಹರಡಿರುವ ಈ ಮರಳುಗಾಡಿನ ಹೆಸರು ಲಾ ಪೋಸಾ. ನಡೆಸುವುದು ಅಮೆರಿಕ ಸರ್ಕಾರದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಎಲ್ಲರ ಬಾಯಲ್ಲಿ ಬಿಎಲ್‌ಎಂ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರ ತನಕ ಇಲ್ಲಿ ಗಾಡಿ ನಿಲ್ಲಿಸಿಕೊಂಡು ಇರಬಹುದು. ನಾವು ಕೊಂಡಾಗ ಪೂರ್ತಿ ಸೀಸನ್ ಪರ್ಮಿಟ್ ದರ ಅಷ್ಟಿತ್ತು. 14 ದಿನದ್ದು 40 ಡಾಲರ್.

ನಮ್ಮ ಕೆಲಸ ಏನು ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಜಾಗ ನನಗೇಕೆ ಇಷ್ಟು ಇಷ್ಟ ಅನ್ನುವುದು ಅರ್ಥವಾಗುವುದಿಲ್ಲ. ನಾನು ಸಣ್ಣ ಅಂಗಡಿ, ಹೋಟೆಲ್‌ಗಳ ಲೆಕ್ಕಪತ್ರ ಬರೆಯುತ್ತೇನೆ. ಜನವರಿಯಿಂದ ಟ್ಯಾಕ್ಸ್ ರಿಟರ್ನ್ ತಯಾರಿಸುತ್ತೇನೆ. ನಮ್ಮ ಯಜಮಾನರು ಬೆಂಗಳೂರಿನ ಒಂದು ಕಂಪನಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಡುತ್ತಾರೆ. ಇಬ್ಬರದೂ 24 ಅಡಿಯ ಮೋಟರ್‌ಹೋಮ್‌ನಲ್ಲೇ ಸಂಸಾರ, ಅಲ್ಲೇ ಆಫೀಸು.

ಈ ಬಾಳಿನಲ್ಲಿ ಗಾಡಿ ಓಡಿದ ದಿನ ಸಂಪಾದನೆ ಇಲ್ಲ. ಬೆಳಿಗ್ಗೆ ಪಾತ್ರೆ ಪಗಡೆ ಅಲುಗಾಡದಂತೆ ಕಟ್ಟಿಡಬೇಕು, ಕೊಳೆನೀರಿನ ಟ್ಯಾಂಕ್ ಖಾಲಿ ಮಾಡಬೇಕು, ಪೆಟ್ರೋಲ್ ಹಾಕಿಸಬೇಕು. ಹೊಸ ಜಾಗಕ್ಕೆ ಹೋಗಿ ಗಾಡಿ ಮಟ್ಟ ಮಾಡಿ, ಇಂಟರ್ನೆಟ್ ಬಂತಾ ನೋಡುವಷ್ಟರಲ್ಲಿ ಕತ್ತಲು. ಬಿಎಲ್‌ಎಂನ ಬಿಟ್ಟಿ ಜಾಗಗಳು ಕ್ವಾರ್ಟ್ಸ್‌ಸೈಟ್ ಸುತ್ತ ಬೇಕಾದಷ್ಟಿವೆ, ಆದರೆ ಅಲ್ಲಿ 14 ದಿನಕ್ಕೆ ಎದ್ದು ಹೊರಡಬೇಕು. ಲಾ ಪೋಸಾದಲ್ಲಿ ಹಾಗಿಲ್ಲ. ಒಮ್ಮೆ ಗಾಡಿ ನಿಲ್ಲಿಸಿದರೆ ಟ್ಯಾಕ್ಸ್ ಸೀಸನ್ ಮುಗಿಯುವ ತನಕ ಕೂತ ಜಾಗ ಬಿಡಬೇಕಿಲ್ಲ. ರಿಟರ್ನ್ ಸಲ್ಲಿಸುವ ಕೊನೆಯ ದಿನವೂ ಏಪ್ರಿಲ್ 15, ಪರ್ಮಿಟ್ ಮುಗಿಯುವುದೂ ಅವತ್ತೇ. ನನಗಂತೂ ಇದಕ್ಕಿಂತ ಅನುಕೂಲ ಬೇರೆ ಬೇಡ.

ದುಡ್ಡು ಕೊಟ್ಟಿದ್ದಕ್ಕೆ ಸಿಗುವುದೇನು? ಕುಡಿಯುವ ನೀರಿನ ನಲ್ಲಿ, ಗಾಡಿಯ ಕೊಳೆನೀರು ಖಾಲಿ ಮಾಡುವ ಡಂಪ್ ಸ್ಟೇಷನ್, ಕಸ ಹಾಕುವ ತೊಟ್ಟಿ, ಕೆಲವು ಕಡೆ ಶೌಚಾಲಯ. ಅಷ್ಟೇ. ಕರೆಂಟ್ ಇಲ್ಲ, ವೈಫೈ ಇಲ್ಲ, ಗುರುತು ಹಾಕಿದ ಸೈಟ್ ಕೂಡ ಇಲ್ಲ. ಕಲ್ಲುಹರಳಿನ ಗಟ್ಟಿ ನೆಲ, ಅಲ್ಲೊಂದು ಇಲ್ಲೊಂದು ಪಾಲೋ ವರ್ಡೆ ಮರ, ಕ್ರಿಯೋಸೋಟ್ ಪೊದೆ, ದೂರದಲ್ಲಿ ಬೋಳು ಗುಡ್ಡ. ನಿಮಗೆ ಸರಿ ಕಂಡ ಕಡೆ ನಿಲ್ಲಿಸಿಕೊಳ್ಳಿ. ಸ್ನಾನ, ಪಾತ್ರೆ ತೊಳೆದ ನೀರನ್ನು ನೆಲಕ್ಕೆ ಬಿಡುವ ಹಾಗಿಲ್ಲ, ಅದಕ್ಕೂ ಟ್ಯಾಂಕ್ ಬೇಕು.

ಏನೂ ಇಲ್ಲದ ಈ ಬಯಲೇ ನಮ್ಮ ಕೆಲಸಕ್ಕೆ ಒದಗಿ ಬರುತ್ತದೆ. ಕರೆಂಟೂ ಆಕಾಶದಿಂದ, ಇಂಟರ್ನೆಟ್ಟೂ ಆಕಾಶದಿಂದ. ನಾವು ಬಳಸುವುದು ಸ್ಟಾರ್‌ಲಿಂಕ್ ಮಿನಿ ಅನ್ನುವ ಉಪಗ್ರಹ ಇಂಟರ್ನೆಟ್ ಡಿಶ್. ತೂಕ ಸುಮಾರು ಒಂದು ಕಿಲೋ, ರೂಟರ್ ಒಳಗೇ ಇದೆ, 12 ವೋಲ್ಟ್ ಬ್ಯಾಟರಿಯಿಂದ ನೇರ ನಡೆಯುತ್ತದೆ. ಅದರ ಉಪಗ್ರಹಗಳು ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ ಓಡುತ್ತಿರುತ್ತವೆ. ಹಳೇ ಬಗೆಯ ಉಪಗ್ರಹಗಳು 36,000 ಕಿಲೋಮೀಟರ್ ಹತ್ತಿರ ಇರುವುದರಿಂದ ಮಾತು ತಡವಾಗಿ ತಲುಪುತ್ತಿತ್ತು. ಇದರಲ್ಲಿ ವಿಡಿಯೋ ಕಾಲ್ ಎದುರು ಕೂತು ಮಾತಾಡಿದಷ್ಟೇ ಸಲೀಸು. ಬೇಕಿರುವುದು ತೆರೆದ ಆಕಾಶ ಮಾತ್ರ. ಕಾಡಿನ ಕ್ಯಾಂಪ್‌ಗ್ರೌಂಡ್‌ನಲ್ಲಿ ಪೈನ್ ಮರ ಅಡ್ಡ ಬಂದು ಕಾಲ್ ತುಂಡಾಗುವುದು ಗೊತ್ತಿರುವವರಿಗೆ ಲಾ ಪೋಸಾದ ಬಯಲು ಕಂಡರೆ ಖುಷಿಯಾಗುತ್ತದೆ.

ಮೊಬೈಲ್ ಡೇಟಾ ಕೂಡ ಸಿಗುತ್ತದೆ. ಆದರೆ ಜನವರಿಯಲ್ಲಿ ಆರ್‌ವಿ ಶೋ, ಹರಳು ಕಲ್ಲಿನ ಸಂತೆ ಅಂತ ಜನ ತುಂಬಿದಾಗ ಅದನ್ನೇ ನಂಬಬೇಡಿ. ಆರ್‌ವಿ ಪಾರ್ಕುಗಳ ಸಾರ್ವಜನಿಕ ವೈಫೈಯಲ್ಲಂತೂ ನಾನು ಕೆಲಸ ಮಾಡುವುದೇ ಇಲ್ಲ. ಹಿಂದೊಮ್ಮೆ ಬೇರೆ ರಾಜ್ಯದ ಪಾರ್ಕೊಂದರಲ್ಲಿ ಹೈಸ್ಪೀಡ್ ವೈಫೈ ಇದೆ ಅಂತ ಹೇಳಿ ದುಡ್ಡು ತೆಗೆದುಕೊಂಡರು, ಸಂಜೆಯಾದರೆ ಇಮೇಲ್ ಕೂಡ ತೆರೆಯುತ್ತಿರಲಿಲ್ಲ. ವೇಗಕ್ಕಿಂತ ದೊಡ್ಡ ವಿಷಯ, ನನ್ನ ಕೈಲಿರುವುದು ಬೇರೆಯವರ ಸೋಶಿಯಲ್ ಸೆಕ್ಯುರಿಟಿ ನಂಬರ್ (ಇಲ್ಲಿನ ಸರ್ಕಾರಿ ಗುರುತಿನ ಸಂಖ್ಯೆ) ಇರುವ ಕಾಗದ. ಅದನ್ನು ಯಾರ್ಯಾರೋ ಬಳಸುವ ವೈಫೈಗೆ ಹಾಕಲು ಮನಸ್ಸು ಒಪ್ಪುವುದಿಲ್ಲ.

ಇನ್ನು ಕರೆಂಟ್. ಗಾಡಿಯ ಮೇಲೆ 400 ವ್ಯಾಟ್ ಸೋಲಾರ್, ಒಳಗೆ 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ. ಅಂದರೆ ತುಂಬಿದಾಗ ಎರಡೂವರೆ ಯೂನಿಟ್. ಇಬ್ಬರ ಲ್ಯಾಪ್‌ಟಾಪಿಗೆ ಹತ್ತಿರ ಹತ್ತಿರ ಒಂದು ಯೂನಿಟ್, ಡಿಶ್‌ಗೆ ಅರ್ಧ ಯೂನಿಟ್. ಫ್ರಿಜ್, ಒಲೆ ಪ್ರೊಪೇನ್ ಗ್ಯಾಸಿನಲ್ಲಿ. ಡಿಸೆಂಬರ್‌ನಲ್ಲಿ ಇಲ್ಲಿ ನಡುಮಧ್ಯಾಹ್ನವೂ ಸೂರ್ಯ ಅರ್ಧ ಆಕಾಶ ಏರುವುದಿಲ್ಲ. ಪ್ಯಾನೆಲ್ ಸುಮ್ನೆ ಮಲಗಿಸಿಟ್ಟರೆ ಸಾಲದು, ದಕ್ಷಿಣಕ್ಕೆ ಓರೆಯಾಗಿ ಎತ್ತಿ ನಿಲ್ಲಿಸಬೇಕು. ರಾತ್ರಿ ಬ್ಯಾಟರಿ ತಿನ್ನುವುದು ಲ್ಯಾಪ್‌ಟಾಪ್ ಅಲ್ಲ, ಹೀಟರ್‌ನ ಫ್ಯಾನ್. ಗ್ಯಾಸ್ ಹೀಟರ್ ಆದರೂ ಬಿಸಿ ಗಾಳಿ ಊದಲು ಫ್ಯಾನ್ ಓಡಲೇಬೇಕಲ್ವಾ? ಅದಕ್ಕೇ ನಾವು ರಾತ್ರಿ ದಪ್ಪ ರಜಾಯಿ ಹೊದ್ದು, ಬೆಳಗಿನ ಜಾವಕ್ಕೆ ಮಾತ್ರ ಹೀಟರ್ ಹಾಕುತ್ತೇವೆ.

ದೋಸೆ ಹಿಟ್ಟು ರುಬ್ಬುವುದು ಮಧ್ಯಾಹ್ನ ಹನ್ನೆರಡೂವರೆ ಆದ ಮೇಲೆ. ಆ ಹೊತ್ತಿಗೆ ಬ್ಯಾಟರಿ ಮೀಟರ್ ತುಂಬುತ್ತಾ ಬಂದಿರುತ್ತದೆ, ಇನ್ವರ್ಟರ್ ಹಾಕಿದರೆ ಮಿಕ್ಸಿ ಆರಾಮಾಗಿ ತಿರುಗುತ್ತದೆ. ಹಿಟ್ಟಿನ ಪಾತ್ರೆಗೆ ಟವೆಲ್ ಸುತ್ತಿ ಸಂಜೆ ತನಕ ಮುಂದಿನ ಗಾಜಿನ ಹತ್ತಿರ ಬಿಸಿಲಿಗೆ ಇಡುತ್ತೇನೆ. ರಾತ್ರಿ ಚಳಿಗೆ ಹುದುಗು ಬರುವುದಿಲ್ಲ, ಬರುವುದಿದ್ದರೆ ಹಗಲಲ್ಲೇ ಬರಬೇಕು. ಉದ್ದು, ಇಡ್ಲಿ ಅಕ್ಕಿಗೆ ಫೀನಿಕ್ಸ್ ಕಡೆಗೆ ಹೋಗಬೇಕು, ಸುಮಾರು 125 ಮೈಲಿ. ತಿಂಗಳ ಸಾಮಾನು ಒಟ್ಟಿಗೆ ತರುವುದೇ ಸರಿ. ಹಾಲು, ತರಕಾರಿ ಊರಲ್ಲೇ ಸಿಗುತ್ತದೆ. ಜಾಸ್ತಿ ಬೇಕಾದರೆ 20 ಮೈಲಿ ಪಶ್ಚಿಮಕ್ಕೆ, ಕೊಲರಾಡೋ ನದಿ ದಾಟಿದರೆ ಬ್ಲೈತ್.

ನದಿ ದಾಟಿದರೆ ಕ್ಯಾಲಿಫೋರ್ನಿಯಾ, ಚಳಿಗಾಲದಲ್ಲಿ ಗಡಿಯಾರವೂ ಬೇರೆ. ಗಿರಾಕಿಗಳ ಜೊತೆ ಕಾಲ್ ಇಟ್ಟುಕೊಳ್ಳುವವರು ಇದನ್ನು ನೋಡಿಕೊಳ್ಳಬೇಕು. ಅರಿಝೋನಾದ ಬಹುಪಾಲು ಜಾಗದಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲ. ಚಳಿಗಾಲದಲ್ಲಿ ಪೂರ್ವ ಕರಾವಳಿಯ ನ್ಯೂಜೆರ್ಸಿ ನಮಗಿಂತ ಎರಡು ಗಂಟೆ ಮುಂದೆ. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಬದಲಿಸಿದ ಮೇಲೆ ಮೂರು ಗಂಟೆ. ಟ್ಯಾಕ್ಸ್ ಕೆಲಸ ಕುತ್ತಿಗೆಗೆ ಬಂದಿರುವ ಹೊತ್ತಿನಲ್ಲೇ ಈ ಬದಲಾವಣೆ. ಬೆಂಗಳೂರಿಗೆ ಮಾತ್ರ ವರ್ಷವಿಡೀ ಹನ್ನೆರಡೂವರೆ ಗಂಟೆ ವ್ಯತ್ಯಾಸ. ನಮ್ಮವರು ರಾತ್ರಿ ಒಂಬತ್ತಕ್ಕೆ ಕೂತರೆ ಅಲ್ಲಿ ಬೆಳಿಗ್ಗೆ ಒಂಬತ್ತೂವರೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಇಲ್ಲಿ ಸದ್ದು ಮಾಡುವ ಹಾಗಿಲ್ಲ, ಜನರೇಟರ್ ಕೂಡ ನಿಲ್ಲಬೇಕು. ಅವರ ಮೀಟಿಂಗಿಗೆ ಇದಕ್ಕಿಂತ ನಿಶ್ಶಬ್ದ ಎಲ್ಲಿ ಸಿಗಬೇಕು? ಕಯೋಟಿಗಳು (ಇಲ್ಲಿನ ನರಿಯಂಥ ಪ್ರಾಣಿ) ಕೂಗಿದರೆ ಮೈಕ್ ಒಂದು ನಿಮಿಷ ಮ್ಯೂಟ್, ಅಷ್ಟೇ.

ಲೆಕ್ಕ ಬರೆಯುವವಳಾಗಿ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಟೆಕ್ಸಾಸ್, ಫ್ಲೋರಿಡಾ, ಸೌತ್ ಡಕೋಟಾಗಳಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಅದಕ್ಕೇ ಆರ್‌ವಿಯಲ್ಲೇ ವಾಸ ಮಾಡುವ ಬಹಳ ಜನ ಅಲ್ಲಿನ ವಿಳಾಸ ಇಟ್ಟುಕೊಂಡಿರುತ್ತಾರೆ. ಆದರೆ ಅರಿಝೋನಾದಲ್ಲಿ ತಿಂಗಳುಗಟ್ಟಲೆ ಕೂತು ದುಡಿದ ದುಡ್ಡಿಗೆ ಅರಿಝೋನಾ ತೆರಿಗೆ ಕೇಳಬಹುದು. ದರ 2023ರಿಂದ ಎಲ್ಲರಿಗೂ ಶೇ 2.5. ಇನ್ನೊಂದು, ಕಾಯಂ ಮನೆಯೂ ಇಲ್ಲ, ಕೆಲಸಕ್ಕೆ ಕಾಯಂ ಊರೂ ಇಲ್ಲ ಅಂದರೆ ಪ್ರಯಾಣದ ಖರ್ಚನ್ನು ಆದಾಯದಿಂದ ಕಳೆಯಲು ಐಆರ್‌ಎಸ್ (ಕೇಂದ್ರ ತೆರಿಗೆ ಇಲಾಖೆ) ಬಿಡುವುದಿಲ್ಲ. ಪೆಟ್ರೋಲ್ ಬಿಲ್ಲೆಲ್ಲ ವ್ಯಾಪಾರದ ಖರ್ಚು ಅಂದುಕೊಂಡು ಹೊರಡಬೇಡಿ. ಎಚ್-1ಬಿ ವೀಸಾದಲ್ಲಿರುವ ನಮ್ಮ ಹುಡುಗರು ಈ ಬಾಳಿಗೆ ಆಸೆ ಪಡುತ್ತಾರೆ, ನನಗೆ ಅರ್ಥವಾಗುತ್ತದೆ. ಆದರೆ ಆ ವೀಸಾ ಅರ್ಜಿಯಲ್ಲಿ ಕಾಣಿಸಿದ ಕಂಪನಿ, ಕಾಣಿಸಿದ ಜಾಗಕ್ಕೆ ಕಟ್ಟುಬಿದ್ದಿದ್ದು. ಸ್ವಂತ ದುಡಿಮೆಗೆ ಅದರಲ್ಲಿ ಅವಕಾಶ ಇಲ್ಲ. ನಾವೂ ಗ್ರೀನ್ ಕಾರ್ಡ್ ಬಂದ ಮೇಲೇ ಮನೆ ಖಾಲಿ ಮಾಡಿದ್ದು.

ಯಾರಿಗೆ ಇದು ಬೇಡ? ದಿನಾ ಬಿಸಿನೀರಿನ ಉದ್ದ ಸ್ನಾನ ಬೇಕು ಅನ್ನುವವರಿಗೆ. ಧೂಳು ಆಗದವರಿಗೆ, ಗಾಳಿ ಎದ್ದ ದಿನ ಕೀಬೋರ್ಡ್ ಮೇಲೂ ನಯವಾದ ಮಣ್ಣು ಕೂರುತ್ತದೆ. ಸೆಪ್ಟೆಂಬರ್‌ನಲ್ಲೇ ಓಡಿ ಬರುವುದೂ ಬೇಡ, ಆಗಿನ್ನೂ ವಿಪರೀತ ಸೆಖೆ, ಎಸಿಗೆ ಸೋಲಾರ್ ಸಾಲುವುದಿಲ್ಲ. ನವೆಂಬರ್ ಮೊದಲ ವಾರ ಬನ್ನಿ. ಜನವರಿಯ ಗಲಾಟೆ ಬೇಡ ಅನ್ನಿಸಿದರೆ ಅದೇ ಪರ್ಮಿಟ್ ತೋರಿಸಿ ಯೂಮಾ ಊರಿನ ಹತ್ತಿರ ಬಿಎಲ್‌ಎಂನದೇ ಆದ ಇಂಪೀರಿಯಲ್ ಡ್ಯಾಮ್ ಜಾಗಕ್ಕೂ ಹೋಗಬಹುದು, ಮತ್ತೆ ದುಡ್ಡು ಕೊಡಬೇಕಿಲ್ಲ. ಪರ್ಮಿಟ್ ಸ್ಟಿಕರ್ ಮಾತ್ರ ಮುಂದಿನ ಗಾಜಿಗೆ ಸರಿಯಾಗಿ ಅಂಟಿಸಿಕೊಂಡಿರಿ.