ಸ್ಟಿಕ್ಕರ್ ಮೇಲೆ 58 ಸಿಸಿ, ಒಳಗೆ 45: ನಾನು ಚೈನ್ ಸಾ ತಗೊಂಡ ಕಥೆ

ಚೈನ್ ಸಾ ತಗೊಳ್ಳುವ ಮೊದಲು ನಾನೂ ಒಂದು ವಾರ ಕೂತು ಹೋಲಿಸಿ ನೋಡಿದ್ದೆ. ದುಡುಕಿ ತಗೊಂಡವನಲ್ಲ. ಒಂದು 40 ಸಿಸಿ, 16 ಇಂಚಿನ ಬಾರ್ (ಚೈನ್ ಸುತ್ತ ಓಡುವ ಉದ್ದ ಪಟ್ಟಿ). ಇನ್ನೊಂದು 50 ಸಿಸಿ, 18 ಇಂಚು. ಮೂರನೆಯದು 58 ಸಿಸಿ, 22 ಇಂಚು, ಮೂರರಲ್ಲೂ ಅದಕ್ಕೇ ಕಡಿಮೆ ಬೆಲೆ. ಹೆಸರೇ ಕೇಳದ ಕಂಪನಿ. ಕಡಿಮೆ ದುಡ್ಡಿಗೆ ದೊಡ್ಡ ಮೆಷಿನ್ ಸಿಕ್ಕರೆ ಯಾರು ಬಿಡ್ತಾರೆ, ಅಲ್ವಾ? ತಗೊಂಡುಬಿಟ್ಟೆ.

ಮೊದಲ ದಿನವೇ ಒಂದು ವಿಷಯ ಕಣ್ಣಿಗೆ ಬಿತ್ತು. ರೇಸ್ ಪೂರ್ತಿ ಬಿಟ್ಟರೂ ಚೈನ್ ನಿಧಾನಕ್ಕೆ ತಿರುಗುತ್ತಲೇ ಇತ್ತು. ಹೊಸ ಮೆಷಿನ್, ಸರಿಹೋಗುತ್ತೆ ಅಂದುಕೊಂಡೆ. ಅದು ತಾನಾಗಿ ಸರಿಹೋಗುವಂಥದ್ದಲ್ಲ. ಐಡ್ಲಿಂಗ್‌ನಲ್ಲಿ, ಅಂದ್ರೆ ರೇಸ್ ಕೊಡದೆ ಇಂಜಿನ್ ಸುಮ್ನೆ ಓಡುವಾಗ, ಚೈನ್ ಅಲ್ಲಾಡಲೇಬಾರದು. ನಂದರಲ್ಲಿ ಐಡ್ಲಿಂಗ್ ಸ್ಕ್ರೂ ಸ್ವಲ್ಪ ಇಳಿಸಿದರೆ ಇಂಜಿನ್ ಆಫ್, ಸ್ವಲ್ಪ ಏರಿಸಿದರೆ ಚೈನ್ ಓಟ.

ದಪ್ಪ ದಿಮ್ಮಿಗೆ ಇಟ್ಟಾಗ ಅರ್ಧ ಕೊಯ್ಯುವಷ್ಟರಲ್ಲಿ ಚೈನ್ ನಿಂತು ಹೊಗೆ ಬಂತು. ಬಾರ್‌ನ ಅಂಚು ನೀಲಿಗಟ್ಟಿತ್ತು. ಚೈನ್‌ಗೆ ಆಯಿಲ್ಲೇ ಬರುತ್ತಿರಲಿಲ್ಲ. ಇದನ್ನು ನೋಡೋದು ಸುಲಭ: ಬಾರ್‌ನ ತುದಿಯನ್ನು ಬಿಳಿ ರಟ್ಟಿನ ಹತ್ತಿರ, ತಾಗದ ಹಾಗೆ, ಹಿಡಿದು ರೇಸ್ ಕೊಡಿ. ರಟ್ಟಿನ ಮೇಲೆ ಎಣ್ಣೆಯ ಗೆರೆ ಬೀಳಬೇಕು. ನನ್ನ ರಟ್ಟು ಬೆಳ್ಳಗೇ ಉಳಿಯಿತು.

ಇದೆಲ್ಲ ಸಹಿಸಬಹುದಿತ್ತು. ಮೂರನೇ ದಿನ ಬಿದ್ದ ಮರದ ಕೊಂಬೆ ಸವರುತ್ತಿದ್ದೆ. ಬಾರ್‌ನ ಮೂತಿಯ ಮೇಲ್ಭಾಗ ಹಿಂದೆ ಮರೆಯಾಗಿದ್ದ ಇನ್ನೊಂದು ಕೊಂಬೆಗೆ ತಾಗಿತು. ಮೆಷಿನ್ ಮುಖದ ಕಡೆಗೇ ಹಾರಿತು. ಮುಂದಿನ ಗಾರ್ಡ್ ಎಡಗೈಗೆ ಬಡಿದು, ಚೈನ್ ನಿಲ್ಲಿಸುವ ಬ್ರೇಕ್ 'ಟಕ್' ಅಂದದ್ದು ಕೇಳಿಸಿತು. ಚೈನ್ ಮಾತ್ರ ನಿಲ್ಲಲಿಲ್ಲ. ಹೆಲ್ಮೆಟ್‌ನ ಜಾಲರಿ ಮೇಲೆ ಈಗಲೂ ಮೂರು ಗೀರು ಇವೆ. ಆ ಹೆಲ್ಮೆಟ್ ಹಾಕಿದ್ದೂ ಮನೆಯಲ್ಲಿ ಬೈದರು ಅಂತ.

ಕೈ ನಡುಕ ನಿಂತ ಮೇಲೆ ಮೆಷಿನ್ ನೆಲಕ್ಕೆ ಒತ್ತಿ ಹಿಡಿದು, ಬ್ರೇಕ್ ಮುಂದಕ್ಕೆ ತಳ್ಳಿ, ಒಂದೇ ಒಂದು ಸೆಕೆಂಡ್ ಪೂರ್ತಿ ರೇಸ್ ಕೊಟ್ಟು ನೋಡಿದೆ. ಚೈನ್ ಕಲ್ಲಿನ ಹಾಗೆ ನಿಲ್ಲಬೇಕಿತ್ತು. ಆರಾಮಾಗಿ ತಿರುಗಿತು. ಇದನ್ನು ತಗೊಂಡ ದಿನವೇ ಮಾಡಬೇಕಿತ್ತು, ಮಾಡಿರಲಿಲ್ಲ.

ಹದಿನೈದು ದಿನಕ್ಕೆ ಇಂಜಿನ್ನೂ ಜಾಮ್ ಆಯಿತು. ಪುಸ್ತಕದಲ್ಲಿ 25:1 ಅಂತ ಇತ್ತು, ಅಂದ್ರೆ ಲೀಟರ್ ಪೆಟ್ರೋಲ್‌ಗೆ 40 ಮಿಲಿ 2ಟಿ ಆಯಿಲ್. ಟ್ಯಾಂಕ್ ಮೇಲೆ 40:1, ಅಂದ್ರೆ 25 ಮಿಲಿ. ಒಂದೇ ಮೆಷಿನ್‌ಗೆ ಎರಡು ಮಾತು! ನಾನು ಟ್ಯಾಂಕ್ ನಂಬಿದೆ. ಮೆಕ್ಯಾನಿಕ್ ಬಿಚ್ಚಿ ಪಿಸ್ಟನ್ ತೋರಿಸಿದರು, ಬದಿಯಲ್ಲಿ ಉದ್ದಕ್ಕೂ ಉಜ್ಜಿದ ಗೆರೆಗಳು. ಆಮೇಲೆ ಸುಮ್ನೆ ಕುತೂಹಲಕ್ಕೆ ಅಳೆದರು. ಬೋರ್ (ಸಿಲಿಂಡರ್‌ನ ಒಳಗಿನ ಅಗಲ) 43 ಮಿಮೀ, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 31 ಮಿಮೀ. ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಹಾಕಿದರೆ 45 ಸಿಸಿ. ಈ ಬಡ ಇಂಜಿನ್‌ಗೆ 22 ಇಂಚಿನ ಚೈನ್ ಎಳೆಯುವ ಕೆಲಸ!

ಹಾಗಾಗಿ ಸಿಸಿ, ಇಂಚು ನೋಡಿ ಮರುಳಾಗಬೇಡಿ. ಪವರ್ ಎಷ್ಟು ಕಿಲೋವ್ಯಾಟ್ ಅಂತ ಬರೆದಿದ್ದಾರಾ ನೋಡಿ. ಕೈಯಲ್ಲಿ ಎತ್ತಿ ನೋಡಿ. ಕಾಗದದ ಮೇಲೆ ಒಂದು ಕಿಲೋ ಏನೂ ಅಲ್ಲ, ಅರ್ಧ ಗಂಟೆ ಹಿಡಿದರೆ ಭುಜಕ್ಕೆ ಗೊತ್ತಾಗುತ್ತೆ. ಚೈನ್‌ನ ಪಿಚ್ (ಕೊಂಡಿಗಳ ನಡುವಿನ ಅಂತರದ ಅಳತೆ), ಗೇಜ್ (ಬಾರ್‌ನ ಸೀಳಿನಲ್ಲಿ ಕೂರುವ ಕೊಂಡಿಯ ದಪ್ಪ), ಡ್ರೈವ್ ಲಿಂಕ್ (ಆ ಕೊಂಡಿಗಳು) ಎಷ್ಟು ಅಂತ ಬರೆದುಕೊಳ್ಳಿ. ಬರೀ "22 ಇಂಚಿನ ಚೈನ್ ಕೊಡಿ" ಅಂತ ಕೇಳಿ ನಾನು ಎರಡು ಸಲ ಕೂರದ ಚೈನ್ ತಂದೆ.

ಮುಖ್ಯವಾಗಿ, ದುಡ್ಡು ಕೊಡುವ ಮೊದಲೇ ವಾಪಸಿನ ಷರತ್ತು ಕೇಳಿ. ಬ್ರೇಕ್ ಹಿಡಿಯಲ್ಲ ಅಂತ ನಾನು ಫೋನ್ ಮಾಡಿದಾಗ ಮಾರಿದವರು ಕೇಳಿದ್ದು ಒಂದೇ ಪ್ರಶ್ನೆ: "ಪೆಟ್ರೋಲ್ ಹಾಕಿದ್ದೀರಾ ಸಾರ್?" ಹಾಕಿದ್ದೇನೆ ಅಂದೆ. "ಹಾಗಾದ್ರೆ ವಾಪಸ್ ತಗೊಳ್ಳೋಕೆ ಆಗಲ್ಲ" ಅಂದರು.